ಒಲೆ ಹಚ್ಚದೆ ಕಟ್ಟುವ ಬುತ್ತಿ

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಈಗ ಬೆಂಗಳೂರಿನ ಪಿ.ಜಿ.ಯೊಂದರಲ್ಲಿದ್ದೇನೆ, ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ರೊಟ್ಟಿ ಅಂಗಡಿಯಿಂದ ಹಿಂದಿನ ಸಂಜೆ ತಂದ ಚಪಾತಿಯಲ್ಲಿ ಕೋಸಂಬರಿ ಸುತ್ತಿಕೊಂಡು ಬೆಳಗ್ಗೆ 8ಕ್ಕೆ ಕಚೇರಿಗೆ ಹೊರಡುತ್ತೇನೆ. ಮಧ್ಯಾಹ್ನ ಡಬ್ಬಿ ತೆರೆಯುವಷ್ಟರಲ್ಲಿ ನೀರೊಡೆದು ಚಪಾತಿ ಹರಿದಿರುತ್ತದೆ. ಏನು ಮಾಡಲಿ? ಮೊಳಕೆ ಕಾಳು ಹಾಕಬಹುದೇ?

ಉತ್ತರ: ನಿಮ್ಮ ತೊಂದರೆಗೆಲ್ಲ ಕಾರಣ ಉಪ್ಪು. ಸೌತೆಕಾಯಿಯ ಮೇಲೆ ಉಪ್ಪು ಬಿದ್ದ ಹತ್ತೇ ನಿಮಿಷಕ್ಕೆ ಬಟ್ಟಲ ತಳದಲ್ಲಿ ನೀರು ನಿಲ್ಲುವುದನ್ನು ನೀವೂ ನೋಡಿರುತ್ತೀರಿ; ರಾಮನವಮಿಯ ಕೋಸಂಬರಿಯನ್ನು ಕಲಸಿದ ಕೂಡಲೇ ಹಂಚುವುದರಿಂದ ಅಲ್ಲಿ ಅದು ತೊಡಕಾಗುವುದಿಲ್ಲ, ಆದರೆ ಐದು ತಾಸು ಕಾಯಬೇಕಾದ ಬುತ್ತಿಯಲ್ಲಿ ಆ ನೀರೆಲ್ಲ ಚಪಾತಿಗೇ ಇಳಿಯುತ್ತದೆ. ಆದ್ದರಿಂದ ಹೂರಣಕ್ಕೆ ಉಪ್ಪನ್ನೂ ನಿಂಬೆರಸವನ್ನೂ ಬೆಳಗ್ಗೆ ಹಾಕಲೇಬೇಡಿ. ನಿಂಬೆಯ ಹೋಳೊಂದನ್ನು ಬೇರೆಯಾಗಿ ಒಯ್ದು, ತಿನ್ನುವಾಗ ಹಿಂಡಿಕೊಳ್ಳಿ.

ಎದ್ದ ತಕ್ಷಣ 3 ಚಮಚ ಹೆಸರುಬೇಳೆಯನ್ನು ತೊಳೆದು, ಕುಡಿಯುವ ನೀರಿನಲ್ಲಿ ನೆನೆಹಾಕಿದರೆ ಸುಮಾರು ಒಂದು ಗಂಟೆಯಲ್ಲಿ ಅದು ಹದಕ್ಕೆ ಬರುತ್ತದೆ. ಒಂದು ಬೇಳೆಯನ್ನು ಉಗುರಿನಿಂದ ಒತ್ತಿ ನೋಡಿ; ಪುಡಿಯಾಗದೆ ಸಲೀಸಾಗಿ ಎರಡಾದರೆ ಸಾಕು. ನೀರು ಬಸಿದು, ಒಗೆದ ಹತ್ತಿಬಟ್ಟೆಯ ಮೇಲೆ ಹರಡಿಡಿ. ಈ ಹತ್ತು ನಿಮಿಷವನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು; ದಯವಿಟ್ಟು ಬಿಡಬೇಡಿ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜದ ತಿರುಳನ್ನು ಚಮಚದಿಂದ ಕೆರೆದು ತಿಂದುಬಿಡಿ, ಗಟ್ಟಿ ಭಾಗವನ್ನಷ್ಟೇ ಹೆಚ್ಚಿ ತುರಿದ ಗಜ್ಜರಿಯೊಡನೆ ಸೇರಿಸಿ.

ಚಪಾತಿಗೆ ಮೊದಲು ತುಪ್ಪವನ್ನೋ ಶೇಂಗಾ ಎಣ್ಣೆಯನ್ನೋ ತೆಳ್ಳಗೆ ಸವರಿ, ಮೇಲೆ ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಧಾರಾಳವಾಗಿ ಉದುರಿಸಿ. ಜಿಡ್ಡು ನೀರನ್ನು ತಡೆಯುತ್ತದೆ, ಹಿಂಡಿ ಹೀರಿಕೊಳ್ಳುತ್ತದೆ. ಉಪ್ಪು, ಖಾರ, ಬೆಳ್ಳುಳ್ಳಿ ಎಲ್ಲವೂ ಅದರಲ್ಲೇ ಇರುವುದರಿಂದ ರುಚಿಗೆ ಬೇರೇನೂ ಬೇಡ. ನಿಮ್ಮ ಕಡೆಯ ಜೋಳದ ರೊಟ್ಟಿ ನನಗೂ ಬಹಳ ಪ್ರಿಯ, ಆದರೆ ಜೋಳದಲ್ಲಿ ಗೋಧಿಯ ಅಂಟು ಇಲ್ಲದ ಕಾರಣ ಸುತ್ತಿದಾಗ ಬಿರುಕು ಬಿಡುತ್ತದೆ. ಸುರುಳಿಗೆ ಚಪಾತಿಯೇ ಸರಿ. ಅದನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬಿರುಸಾಗುತ್ತದೆ, ಬಟ್ಟೆಯಲ್ಲಿ ಸುತ್ತಿ ಹೊರಗೇ ಇಡಿ.

ಇನ್ನು ಕೆಡುವ ವಿಚಾರ. ಕಚೇರಿಯಲ್ಲಿ ಫ್ರಿಜ್ ಇದ್ದರೆ ತಲುಪಿದೊಡನೆ ಡಬ್ಬಿಯನ್ನು ಅದರಲ್ಲಿಡಿ. ಇಲ್ಲವಾದರೆ, ವಿಶೇಷವಾಗಿ ಬೇಸಿಗೆಯಲ್ಲಿ, ನೆನೆದ ಬೇಳೆಯನ್ನೂ ಹೆಚ್ಚಿದ ತರಕಾರಿಯನ್ನೂ ಅಷ್ಟು ಹೊತ್ತು ಹೊರಗಿಡುವುದನ್ನು ನಾನು ಒಪ್ಪುವುದಿಲ್ಲ. ಅಂಥ ದಿನ ಹಿಂಡಿ ಸವರಿದ ಚಪಾತಿಯನ್ನಷ್ಟೇ ಸುತ್ತಿ, ತೊಳೆದು ಒರೆಸಿದ ಎಳೆಯ ಸೌತೆಕಾಯಿಯನ್ನು ಇಡಿಯಾಗಿ ಒಯ್ದು, ಊಟದ ಹೊತ್ತಿಗೆ ಹೆಚ್ಚಿ ಒಳಗಿಟ್ಟುಕೊಳ್ಳಿ. ಮೊಸರು, ಪನೀರುಗಳನ್ನು ತಂಪಿಲ್ಲದೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು.

ಹಸಿ ಮೊಳಕೆ ಕಾಳು ಬೇಡ. ಕಾಳು ಮೊಳೆಯಲು ಬೇಕಾದ ಬೆಚ್ಚನೆಯ ತೇವದಲ್ಲಿಯೇ ರೋಗಾಣುಗಳೂ ಬೆಳೆಯುತ್ತವೆ, ತೊಳೆದ ಮಾತ್ರಕ್ಕೆ ಅವು ಹೋಗುವುದಿಲ್ಲ. ಅದನ್ನು ಬೇಯಿಸಿಯೇ ತಿನ್ನಬೇಕು, ನಿಮ್ಮ ಕೋಣೆಯಲ್ಲಿ ಅದಕ್ಕೆ ಅನುಕೂಲವಿಲ್ಲ. ಊರಿಗೆ ಹೋದಾಗ ಅವ್ವನ ಕೈಯಿಂದ ಮಾಡಿಸಿಕೊಳ್ಳಿ.