ಕಿಟ್ ಬೇಡ, ಹಳೇ ಬಾಲ್‌ಪೆನ್ ಹುಡುಕಿ

ಒತ್ತಿದ ಗಾಳಿಯಿಂದ ವಸ್ತು ಓಡುವುದನ್ನು ಮೂರನೇ ಕ್ಲಾಸಿನ ಮಕ್ಕಳಿಗೆ ತೋರಿಸಲು ಯಾವ ಕಿಟ್ ಕೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಕಿಟ್‌ನಿಂದಲೇ ಶುರುಮಾಡಿದವನು. ಕೊಳ್ಳಬೇಡಿ. ಅದರಲ್ಲಿ ಎಲ್ಲವೂ ಅಳತೆಗೆ ಸರಿಯಾಗಿ ಕೂರುತ್ತದೆ, ಗಾಡಿ ಯಾಕೆ ನಿಲ್ಲುತ್ತದೆ ಅನ್ನುವುದೇ ಮಕ್ಕಳಿಗೆ ಸಿಗುವುದಿಲ್ಲ.

ಬಲೂನ್ ಗಾಡಿ ಮಾಡಿಸಿ. 20 ಸೆಂ.ಮೀ. ಉದ್ದದ ರಟ್ಟು, ಬಾಟಲಿಯ 4 ಮುಚ್ಚಳ, 2 ಬಿದಿರು ಕಡ್ಡಿ, ಕಡ್ಡಿ ಸಲೀಸಾಗಿ ತಿರುಗುವ 2 ಕೊಳವೆ ತುಂಡು. ರಟ್ಟಿನ ಅಡಿಗೆ ಅಂಟಿಸಬೇಕಾದ್ದು ಕೊಳವೆಯನ್ನು, ಕಡ್ಡಿಯನ್ನಲ್ಲ; ಕಡ್ಡಿ ಅದರೊಳಗೆ ತಿರುಗಬೇಕು, ಅದರ ಎರಡು ತುದಿಗೆ ಮುಚ್ಚಳಗಳೇ ಚಕ್ರ. ಮುಚ್ಚಳದ ತೂತು ನಟ್ಟನಡುವೆ ಇರಲಿ. ತೂತು ಹಾಕುವ ಕೆಲಸ ನಿಮ್ಮದು.

ನಾನು ಎಡವಿದ್ದು ಬಲೂನಿನ ಬಾಯಲ್ಲಿ. ಪೇಪರ್ ಸ್ಟ್ರಾ ಸಿಕ್ಕಿಸಿ, ಸೋರಬಾರದೆಂದು ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು ಬಿಗಿದಿದ್ದೆ. ಬಾಯಿಂದ ಊದಿದ ಗಾಳಿಯಲ್ಲಿ ತೇವ ಇರುತ್ತದೆ. ಮೂರು ನಾಲ್ಕು ಸಲ ಊದುವಷ್ಟರಲ್ಲಿ ಸ್ಟ್ರಾ ಮೆತ್ತಗಾಗಿ ಬ್ಯಾಂಡಿನಡಿ ಚಪ್ಪಟೆಯಾಗುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗದು: ಬಲೂನ್ ತುಂಬಿದೆ, ಗಾಳಿ ಸುಯ್ಯೆನ್ನುತ್ತಿದೆ, ಗಾಡಿ ಮಾತ್ರ ಅಲುಗುತ್ತಿಲ್ಲ. ಗಾಳಿ ನಿಧಾನವಾಗಿ ಬಂದರೆ ಹೆಚ್ಚು ದೂರ ಓಡಬೇಕಲ್ಲ ಅನಿಸುತ್ತದೆ. ಹಾಗಲ್ಲ. ತಳ್ಳುವ ಬಲ ತೂತಿನ ವಿಸ್ತೀರ್ಣಕ್ಕೆ ತಕ್ಕಷ್ಟು. ವ್ಯಾಸ 6 ಮಿ.ಮೀ. ಇದ್ದದ್ದು 3ಕ್ಕೆ ಇಳಿದರೆ ಬಲ ಅರ್ಧವಲ್ಲ, ಕಾಲು ಭಾಗ. ಬಲೂನಿಗಿರುವ ಬಲವೇ ಕೆಲವು ಗ್ರಾಂ ತೂಕದಷ್ಟು. ಅದರಲ್ಲೂ ಕಾಲು ಭಾಗವೆಂದರೆ ಕಡ್ಡಿಯ ಘರ್ಷಣೆಯನ್ನೂ ಮೀರದು.

ಸ್ಟ್ರಾ ಬದಲು ಬಾಲ್‌ಪೆನ್ನಿನ ಗಟ್ಟಿ ಕೊಳವೆ 5 ಸೆಂ.ಮೀ. ಕತ್ತರಿಸಿ ಬಲೂನಿನ ಬಾಯಿಗೆ ಹಾಕಿ, ರಟ್ಟಿನ ಮೇಲೆ ಅಂಟಿಸಿ. ಎಷ್ಟು ಬಿಗಿದರೂ ಅದು ಚಪ್ಪಟೆಯಾಗದು. ಕೆಲವು ಪೆನ್ನುಗಳ ಪಕ್ಕದಲ್ಲಿ ಸಣ್ಣ ತೂತಿರುತ್ತದೆ, ಅದಕ್ಕೆ ಟೇಪ್ ಸುತ್ತಿ. ಕೊಳವೆ ನೇರ ಹಿಂದಕ್ಕೇ ಇರಬೇಕು, ಓರೆಯಾದರೆ ಗಾಡಿ ತಿರುಗುತ್ತದೆ. ಗಾಳಿ ಹಿಂದಿನ ಗೋಡೆಯನ್ನು ತಳ್ಳುತ್ತದೆ ಅಂತ ಯಾರಾದರೂ ಮಕ್ಕಳು ಅಂದೇ ಅನ್ನುತ್ತಾರೆ. ಅಂಗಳದ ನಡುವೆ ಬಿಟ್ಟು ತೋರಿಸಿ, ಅಲ್ಲೂ ಅಷ್ಟೇ ಓಡುತ್ತದೆ. ಒಡೆದ ಬಲೂನಿನ ಚೂರು ಚಿಕ್ಕವರ ಬಾಯಿಗೆ ಹೋಗದಂತೆ ಆಗಲೇ ಎತ್ತಿಡಿ.

ಆದರೆ ಗಾಡಿಗೂ ಮೊದಲು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಕೈಗೆ ಕೊಡಿ. ಗಾಳಿ ಎಳೆದುಕೊಂಡು, ತುದಿಯನ್ನು ಬೆರಳಿಂದ ಮುಚ್ಚಿ, 5ರ ಗೆರೆವರೆಗೆ ಒತ್ತಲಿ. ಒಳಗಿನ ಒತ್ತಡ ಎರಡು ಪಟ್ಟಾಗಿರುತ್ತದೆ, ಬಿಟ್ಟರೆ ದಂಡ ಹಿಂದಕ್ಕೆ ಚಿಮ್ಮುತ್ತದೆ. ಆಮೇಲೆ ಅಕ್ವೇರಿಯಂ ಪೈಪಿನಿಂದ ಎರಡು ಸಿರಿಂಜ್ ಜೋಡಿಸಿ. ಒಂದನ್ನು ಒತ್ತಿದರೆ ಇನ್ನೊಂದು ಮೊದಲು ಮಿಸುಕದೆ, ಒತ್ತಡ ಸಾಕಷ್ಟು ಸೇರಿದ ಮೇಲೆ ಟಕ್ಕನೆ ಹಾರುತ್ತದೆ. ಅದೇ ಪೈಪಿಗೂ ಸಿರಿಂಜಿಗೂ ಗಾಳಿ ಉಳಿಯದಂತೆ ನೀರು ತುಂಬಿದರೆ ಎರಡೂ ಒಟ್ಟಿಗೇ ಚಲಿಸುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಮಕ್ಕಳಿಂದಲೇ ಒತ್ತಿಸಿ.