ಬಡ್ತಿ ತಪ್ಪಿದವರಿಗೆ ಸೊಪ್ಪಿನ ಲೆಕ್ಕ

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಒಂದೇ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನನಗೆ ಬರಬೇಕಿದ್ದ ಬಡ್ತಿ ನಾಲ್ಕು ವರ್ಷ ಕಿರಿಯರೊಬ್ಬರ ಪಾಲಾಯಿತು. ಅವರು ತಮ್ಮ ಮೇಜಿನ ಮುಂದೆ ಇದ್ದುದಕ್ಕಿಂತ ಮೇಲಧಿಕಾರಿಯ ಕೋಣೆಯಲ್ಲಿ ಇದ್ದದ್ದೇ ಹೆಚ್ಚು. ರಾತ್ರಿ ನಿದ್ದೆ ಬರುತ್ತಿಲ್ಲ. ಗ್ರೀಕ್ ಸ್ಟೋಯಿಕ್ ತತ್ತ್ವ ಓದಿರುವ ಗೆಳೆಯರು, ‘ನಮ್ಮ ಕೈಯಲ್ಲಿಲ್ಲದ್ದಕ್ಕೆ ಕೊರಗಬಾರದು’ ಎನ್ನುತ್ತಾರೆ. ಅನ್ಯಾಯವನ್ನು ನುಂಗಿಕೊಂಡು ಸುಮ್ಮನಿರಬೇಕೇ?
– ಹೆಸರು ಬೇಡ

ಉತ್ತರ: ಗೆಳೆಯರು ಹೇಳಿದ್ದು ಸ್ಟೋಯಿಕ್ ತತ್ತ್ವಜ್ಞಾನಿ ಎಪಿಕ್ಟೆಟಸ್‌ನ ಮಾತು, ಆದರೆ ಅರ್ಧ ಮಾತು. ನಿಮ್ಮ ಸಂಕಟಕ್ಕೆ ಹೆಚ್ಚು ಹತ್ತಿರವಾದದ್ದನ್ನೂ ಅವನು ಹೇಳಿದ್ದಾನೆ.

ಕ್ರಿ.ಶ. 50ರ ಸುಮಾರಿಗೆ, ಇಂದಿನ ಟರ್ಕಿಯಲ್ಲಿರುವ ಹಿಯರಾಪೊಲಿಸ್‌ನಲ್ಲಿ ಹುಟ್ಟಿದ ಈತ ರೋಮಿನಲ್ಲಿ ಗುಲಾಮನಾಗಿದ್ದ. ಒಡೆಯ ಎಪಾಫ್ರೊಡಿಟಸ್ ಚಕ್ರವರ್ತಿ ನೀರೋನ ಕಾರ್ಯದರ್ಶಿ. ಆ ಮನೆಯಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಫೆಲಿಸಿಯೊ ಎಂಬವನನ್ನು, ಕೆಲಸಕ್ಕೆ ಬಾರದವನೆಂದು ಒಡೆಯ ಮಾರಿಬಿಟ್ಟ. ಅವನನ್ನು ಅರಮನೆಯವರು ಕೊಂಡರು. ಅವನು ಚಕ್ರವರ್ತಿಯ ಪಾದರಕ್ಷೆ ಹೊಲಿಯತೊಡಗಿದ. ಅಂದಿನಿಂದ ಅದೇ ಒಡೆಯ ಅವನ ಕ್ಷೇಮ ವಿಚಾರಿಸಿದ್ದೇ ವಿಚಾರಿಸಿದ್ದು! ‘ಒಡೆಯರು ಏನು ಮಾಡುತ್ತಿದ್ದಾರೆ?’ ಎಂದು ಕೇಳಿದರೆ, ‘ಫೆಲಿಸಿಯೊ ಜೊತೆ ಸಮಾಲೋಚನೆಯಲ್ಲಿದ್ದಾರೆ’ ಎಂಬ ಉತ್ತರ. ಎಪಿಕ್ಟೆಟಸ್ ತಾನೇ ಹೇಳಿದ ಪ್ರಸಂಗ ಇದು. ನಿಮ್ಮ ಕಚೇರಿಯಲ್ಲಿ ನಡೆದಿದ್ದರೂ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ.

ಶಿಷ್ಯ ಅರಿಯನ್ ಸಂಗ್ರಹಿಸಿದ ‘ಎಂಕಿರಿಡಿಯಾನ್’, ಅಂದರೆ ಕೈಪಿಡಿಯ, 25ನೆಯ ಭಾಗದಲ್ಲಿ ಒಂದು ಲೆಕ್ಕವಿದೆ. ನಿನ್ನನ್ನು ಬಿಟ್ಟು ಬೇರೊಬ್ಬನನ್ನು ಔತಣಕ್ಕೆ ಕರೆದರು. ಇದನ್ನು ಸೊಪ್ಪಿನ ವ್ಯಾಪಾರದಂತೆ ನೋಡು: ಲೆಟ್ಯೂಸ್ ಸೊಪ್ಪಿಗೆ ಒಂದು ಒಬೊಲ್ ಬೆಲೆ ಎಂದುಕೋ. ಒಬೊಲ್ ಎಂದರೆ ದ್ರಾಖ್ಮಾ ಎಂಬ ಗ್ರೀಕ್ ನಾಣ್ಯದ ಆರನೆಯ ಒಂದು ಪಾಲು, ಚಿಲ್ಲರೆ ಕಾಸು. ಅವನು ಕಾಸು ಕೊಟ್ಟ, ಸೊಪ್ಪು ಒಯ್ದ. ನೀನು ಕೊಡಲಿಲ್ಲ, ನಿನ್ನ ಕಾಸು ನಿನ್ನಲ್ಲೇ ಇದೆ. ಔತಣದ ಬೆಲೆ ಹೊಗಳಿಕೆ, ಹಿಂದೆ ಮುಂದೆ ಸುತ್ತುವುದು. ಬೇಕಿದ್ದರೆ ಕೊಡು. ಕಾಸೂ ಉಳಿಯಬೇಕು, ಸೊಪ್ಪೂ ಬೇಕು ಎಂದರೆ ದುರಾಸೆ. ಹೊಗಳಲು ಮನಸ್ಸಿಲ್ಲದವನನ್ನು ಹೊಗಳದೆ ಉಳಿದೆಯಲ್ಲ, ಅದೇ ನಿನ್ನ ಬಳಿ ಉಳಿದ ಗಂಟು.

ಹನ್ನೊಂದು ವರ್ಷ ಲೆಕ್ಕ ನೋಡಿದ ನಿಮಗೆ ಈ ಜಮಾಖರ್ಚನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ನನ್ನದೊಂದು ತಕರಾರಿದೆ. ಔತಣಕ್ಕೆ ಯಾರನ್ನು ಕರೆಯಬೇಕೆಂಬುದು ಮನೆಯವನ ಇಷ್ಟ. ಬಡ್ತಿ ಹಾಗಲ್ಲ, ಅದಕ್ಕೆ ನಿಯಮವಿರಬೇಕು. ಕೋಪಿಸಿಕೊಳ್ಳಬೇಕಾದ ವಿಷಯಕ್ಕೂ ಕೋಪಿಸಿಕೊಳ್ಳದವರನ್ನು ಅರಿಸ್ಟಾಟಲ್ ಮೂರ್ಖರ ಸಾಲಿಗೆ ಸೇರಿಸಿದ್ದಾನೆ. ಆದ್ದರಿಂದ ಸುಮ್ಮನಿರಬೇಡಿ. ಯಾವ ಮಾನದಂಡದ ಮೇಲೆ ಆಯ್ಕೆಯಾಯಿತು, ಮುಂದಿನ ಸಲಕ್ಕೆ ನಾನೇನು ಮಾಡಬೇಕು ಎಂದು ಲಿಖಿತವಾಗಿ ಕೇಳಿ. ಕೇಳುವುದು ನಿಮ್ಮ ಕೈಯಲ್ಲಿದೆ, ಉತ್ತರ ನಿಮ್ಮ ಕೈಯಲ್ಲಿಲ್ಲ. ಗೆಳೆಯರ ಮಾತು ಹೊಂದುವುದು ಅಲ್ಲಿಗೆ.

ಇನ್ನೊಂದು ಸಾಧ್ಯತೆಯೂ ಇದೆ, ಬೇಸರಪಡಬೇಡಿ. ಆ ಕಿರಿಯರು ಹೊಗಳಿಕೆಯಲ್ಲದ ಬೇರೆ ಬೆಲೆಯನ್ನೂ ತೆತ್ತಿರಬಹುದು: ನೀವು ಬೇಡವೆಂದ ವರ್ಗಾವಣೆ, ಯಾರೂ ಮುಟ್ಟದ ಹಳೆಯ ಕಡತಗಳು. ಪತ್ರಕ್ಕೆ ಬರುವ ಉತ್ತರದಲ್ಲಿ ಅದು ತಿಳಿದೀತು. ಆ ಪತ್ರವನ್ನು ಮಾತ್ರ ನಿದ್ದೆಗೆಟ್ಟ ರಾತ್ರಿಯಲ್ಲಿ ಕಳುಹಿಸಬೇಡಿ. ಬೆಳಗಿನ ಕಾಫಿಯಾದ ಮೇಲೆ ಇನ್ನೊಮ್ಮೆ ಓದಿ, ವಿಶೇಷಣಗಳನ್ನೆಲ್ಲ ಹೊಡೆದುಹಾಕಿ ಕಳುಹಿಸಿ.