ಸಂಪಾದಕರ ಉತ್ತರ: ಭೈರೋನ್ ಸಿಂಗ್ ಸತ್ತಿರಲಿಲ್ಲ

ಬೇಲೂರಿನ ಅಧ್ಯಾಪಕರೊಬ್ಬರು ಕಾಲೇಜಿನಲ್ಲಿ ‘ಬಾರ್ಡರ್’ ಸಿನಿಮಾ ತೋರಿಸಿದ್ದಾರೆ. ಹುಡುಗರು ಅತ್ತರಂತೆ, ಶಿಳ್ಳೆಯನ್ನೂ ಹೊಡೆದರಂತೆ. ಇಂಥ ಸಿನಿಮಾ ಯುದ್ಧದ ಹುಚ್ಚು ಹತ್ತಿಸುತ್ತದೆಂದು ಸಹೋದ್ಯೋಗಿಯೊಬ್ಬರ ತಕರಾರು. ಜನರ ಮನಸ್ಸಿನಲ್ಲಿ ಇರುವುದನ್ನೇ ಅದು ತೋರಿಸುವುದಲ್ಲವೆ ಎಂಬುದು ಪತ್ರದ ಪ್ರಶ್ನೆ.

ಮಾನ್ಯರೆ,

ಎರಡೂ ಹೌದು. ಚೀನಾದೆದುರು 1962ರಲ್ಲಿ ಆದ ಸೋಲು ಇನ್ನೂ ಹಸಿಯಾಗಿದ್ದ 1964ರಲ್ಲಿ ಬಂದ ‘ಹಕೀಕತ್’ ಲಡಾಖಿನಲ್ಲಿ ಹಿಮ್ಮೆಟ್ಟುವ ತುಕಡಿಯೊಂದರ ದುಃಖದ ಕಥೆ. 1997ರ ‘ಬಾರ್ಡರ್’ ಪಾಕಿಸ್ತಾನದೆದುರು 1971ರಲ್ಲಿ ಗೆದ್ದ ಯುದ್ಧದ್ದು. ಅದರ ಸ್ವರವೇ ಬೇರೆ.

ಇನ್ನು ಮನಸ್ಸನ್ನು ತಿದ್ದುವ ಕೆಲಸ. ಅದು ಘೋಷಣೆಗಳಿಗಿಂತ ಹೆಚ್ಚಾಗಿ ಸಾವಿನ ಲೆಕ್ಕದಲ್ಲಿ ನಡೆಯುತ್ತದೆ. 1971ರ ಡಿಸೆಂಬರ್ 4ರ ರಾತ್ರಿ, ಈ ಸಿನಿಮಾದ ಕಾಳಗ ನಡೆದ ರಾಜಸ್ಥಾನದ ಗಡಿ ಠಾಣ್ಯ ಲೋಂಗೇವಾಲಾದಲ್ಲಿದ್ದದ್ದು 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಮಂದಿ. ಜೈಸಲ್ಮೇರಿನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳು ಕತ್ತಲಲ್ಲಿ ದಾಳಿ ಮಾಡುವಂತಿರಲಿಲ್ಲ. ಬೆಳಗಿನವರೆಗೆ ಕಾಲಾಳುಗಳು ತಡೆದು ನಿಂತರು. ಬೆಳಕು ಹರಿದದ್ದೇ, ಬಯಲು ಮರಳಿನಲ್ಲಿ ಮರೆಯಿಲ್ಲದೆ ನಿಂತ ಪಾಕಿಸ್ತಾನದ ಟ್ಯಾಂಕುಗಳನ್ನು ವಿಮಾನಗಳು ಹೊಡೆದವು. ನಮ್ಮ ಕಡೆ ಸತ್ತವರು 2. ಸಿನಿಮಾದಲ್ಲಿ ಮುಖ್ಯ ಪಾತ್ರಗಳೇ ಸಾಲಾಗಿ ಸಾಯುತ್ತವೆ, ಸುನೀಲ್ ಶೆಟ್ಟಿಯವರ ಭೈರೋನ್ ಸಿಂಗ್ ಸೇರಿ. ಗಡಿ ಭದ್ರತಾ ಪಡೆಯ ನಿಜವಾದ ಭೈರೋನ್ ಸಿಂಗ್ ರಾಠೋಡ್ ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ!

ಇಬ್ಬರು ಸತ್ತು ದಕ್ಕಿದ ಗೆಲುವಿಗೆ ತೆರೆಯ ಮೇಲೆ ತೂಕ ಸಾಲದು. ಊರಿಗೆ ಕಾಗದ ಬರೆಯುವ ಹುಡುಗನನ್ನು ಮೊದಲು ಪರಿಚಯಿಸಬೇಕು, ಆಮೇಲೆ ಅವನನ್ನು ಕೊಲ್ಲಬೇಕು, ಆಮೇಲೆ ವಿಮಾನ ತರಬೇಕು. ನಿಮ್ಮ ಹುಡುಗರ ಕಣ್ಣೀರು, ಶಿಳ್ಳೆ ಎರಡೂ ಈ ಜೋಡಣೆಯ ಫಲ. ಕಡಿಮೆ ಜನರನ್ನು ಕಳೆದುಕೊಂಡು ಗೆಲ್ಲುವುದೇ ಸೈನ್ಯದ ಜಾಣ್ಮೆ ಎಂಬುದು ಇದರಲ್ಲಿ ಮರೆತುಹೋಗಿ, ಸಾವೇ ಶೌರ್ಯದ ಅಳತೆಗೋಲಾಗುತ್ತದೆ. ಬದುಕಿ ಬಂದವನಿಗೆ ಜಾಗವಿಲ್ಲ.

ನಮ್ಮ ವೀರಗಲ್ಲುಗಳೂ ಸತ್ತವನನ್ನೇ ಮೆರೆಸಿದವು ಅನ್ನಿ. ಕೆಳಗೆ ಕಾಳಗ, ನಡುವೆ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ನರಳಾಟಕ್ಕೆ ಅಲ್ಲೂ ಪಟ್ಟಿಕೆಯಿಲ್ಲ. ಆದರೆ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟದ್ದನ್ನು ಕಲ್ಲಿನಲ್ಲೇ ಬರೆಸುತ್ತಿದ್ದರು. ನಿಮ್ಮದೇ ತಾಲ್ಲೂಕಿನ ಹಲ್ಮಿಡಿ ಶಾಸನವಂತೂ ಕಾದಿದ ವಿಜ ಅರಸನಿಗೆ ‘ಬಾಳ್ಗಳ್ಚು’ (ಕತ್ತಿ ತೊಳೆಯುವ ಗೌರವ) ಎಂದು ಊರು ಕೊಟ್ಟ ದಾಖಲೆ. ಹುಡುಗರನ್ನು ಅಲ್ಲಿಗೂ ಒಮ್ಮೆ ಕರೆದೊಯ್ಯಿರಿ.

ಮತ್ತೆ ತೋರಿಸುವಾಗ ಇಡೀ ಸಿನಿಮಾ ಬೇಡ, ಕೊನೆಯ ಅರ್ಧ ಗಂಟೆ ಸಾಕು. ಅದರಲ್ಲಿ ಐದು ನಿಮಿಷವನ್ನು ಮೊದಲು ಧ್ವನಿ ನಿಲ್ಲಿಸಿ, ಆಮೇಲೆ ಧ್ವನಿಯೊಂದಿಗೆ ತೋರಿಸಿ. ಸಂಗೀತದ ಪಾಲೆಷ್ಟು ಎಂಬುದು ತಾನಾಗಿ ತಿಳಿಯುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ ಷೆಲ್ ಸಿಡಿದರೆ ಸದ್ದು ಕಿವಿಗೆ ಬರಲು ಸುಮಾರು 3 ಸೆಕೆಂಡ್ ಬೇಕು. ತೆರೆಯ ಮೇಲೆ ಬೆಂಕಿ, ಸದ್ದು ಒಟ್ಟಿಗೇ ಬರುತ್ತವೆ. ಇದನ್ನೂ ಗಮನಿಸಲು ಹೇಳಿ.

ಚರ್ಚೆ ಅಂದೇ ಬೇಡ. ಈಗಷ್ಟೆ ಅತ್ತವನಿಗೆ ಪ್ರಶ್ನೆ ಅವಮಾನದಂತೆ ಕೇಳಿಸುತ್ತದೆ. ಮರುದಿನವೂ ‘ಸತ್ತವರು ಇಬ್ಬರೇ’ ಎಂದು ಶುರುಮಾಡಿದರೆ ‘ಹಾಗಾದರೆ ಎಲ್ಲ ಸುಳ್ಳು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ರಾತ್ರಿ 120 ಮಂದಿ ಠಾಣ್ಯ ಬಿಡದೆ ನಿಂತದ್ದನ್ನು ಮೊದಲು ಹೇಳಿ. ಹಾಸನದ ಕಡೆ ನಿವೃತ್ತ ಸೈನಿಕರಿಗೆ ಬರವಿಲ್ಲ, ಒಬ್ಬರನ್ನು ಕರೆಸಿ. ಎಷ್ಟು ಜನರನ್ನು ಕೊಂದಿರಿ ಎಂದು ಹುಡುಗರು ಕೇಳದಂತೆ ನೋಡಿಕೊಳ್ಳಿ. ನೀರು, ರೇಷನ್, ನಿದ್ದೆ, ರಜೆ ಇವುಗಳ ಬಗ್ಗೆ ಕೇಳಲಿ.

– ಸಂ.